ಹಳದಿಗೆ ತಿರುಗಿದ ಕುಂಕುಮ

ಬ್ಯಾಟರಿಯ ಪ್ಲಸ್ ಕಡೆ ಬಿಳಿ-ನೀಲಿ ಹಿಟ್ಟು ಕಟ್ಟಿಕೊಂಡು ಬರುವ ಗಾಡಿ ಎಂದರೆ ನನಗೆ ಮೊದಲಿನಿಂದಲೂ ಖುಷಿ. ಕೆಲಸ ಸಣ್ಣದು, ಫಲ ಕೂಡಲೇ ಕಣ್ಣಿಗೆ ಕಾಣುತ್ತದೆ. ಬಿಸಿನೀರು, ಅಡುಗೆ ಸೋಡಾ, ತಂತಿ ಬ್ರಷ್ಷು ಇದ್ದರೆ ಸಾಕು. ನೊರೆ ಬುಸುಬುಸು ಉಕ್ಕಿ ಇಳಿಯುವಷ್ಟರಲ್ಲಿ ಒಳಗಿನ ಸೀಸ ಹೊಳೆಯುತ್ತಾ ಈಚೆ ಬರುತ್ತದೆ. ಜರಗನಹಳ್ಳಿಯಲ್ಲಿ ಕನಕಪುರ ರಸ್ತೆಯಿಂದ ಒಂದು ತಿರುವು ಒಳಗೆ ನನ್ನ ಬ್ಯಾಟರಿ ಅಂಗಡಿ. ಈ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ತೆಗೆದುಕೊಂಡದ್ದೇ ಇಲ್ಲ ಎಂದು ಬಂದವರಿಗೆಲ್ಲ ಜಂಬ ಕೊಚ್ಚುತ್ತಿದ್ದೆ. ಅಂಥವಳಿಗೆ ಒಂದು ವ್ಯಾನು ಮೂರು ವಾರ ನೀರು ಕುಡಿಸಿತು.

ಆ ವ್ಯಾನು ಜಯನಗರದ ಒಂದು ಫಿಸಿಯೋಥೆರಪಿ ಕೇಂದ್ರದ್ದು. ನಡೆಯಲಾಗದ ಮಕ್ಕಳನ್ನು ಮನೆಯಿಂದ ಕರೆತಂದು ಮತ್ತೆ ಮನೆಗೆ ಬಿಡುವುದು ಅದರ ಕೆಲಸ. ಹಿಂಬಾಗಿಲಿನಲ್ಲಿ ಒಂದು ಲಿಫ್ಟ್ ಇತ್ತು. ಗಾಲಿಕುರ್ಚಿಯನ್ನು ಮಗುವಿನ ಸಮೇತ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ ಗುಂಡಿ ಒತ್ತಿದರೆ, ಹಲಗೆ ಮೇಲೆದ್ದು ಗಾಡಿಯ ಮಟ್ಟಕ್ಕೆ ಬರುತ್ತಿತ್ತು. ಲಿಫ್ಟಿನ ಮೋಟಾರು ಓಡುವುದು ಗಾಡಿಯ ಬ್ಯಾಟರಿಯಿಂದಲೇ. ಅದನ್ನು ಓಡಿಸುತ್ತಿದ್ದವರು ಇಟ್ಟಮಡುವಿನವರು, ಐವತ್ತು ದಾಟಿದವರು, ಹಣೆಯ ಮೇಲೆ ಮೂರೆಳೆ ವಿಭೂತಿ, ಮಾತು ಕಡಿಮೆ. ನಾನು ಅವರನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದೆ.

ಮೊದಲ ಸಲ ಬಂದಾಗ ದೂರು ಸರಳವಾಗಿತ್ತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಕ್ಕೆ ಸತಾಯಿಸುತ್ತದೆ, ಲಿಫ್ಟ್ ನಿಧಾನ. ಮುಂದಿನ ಎಡ ಸೀಟನ್ನು ಮಡಚಿ, ಅದರ ಕೆಳಗಿನ ಮುಚ್ಚಳ ತೆಗೆದೆ. ಮೇಲೆ ಚಾಚಿದ ಸೀಸದ ಪ್ಲಸ್ ಕಂಬದ ಸುತ್ತ ಒಣ ಬಿಳಿ ಹಿಟ್ಟು, ಅದಕ್ಕೆ ಕೇಬಲ್ಲು ಹಿಡಿಸುವ ಕ್ಲ್ಯಾಂಪು ಸಡಿಲ. ನೋಡಿದ ಕೂಡಲೇ ಅರ್ಥವಾಗುವ ಕಾಯಿಲೆ. ಆದರೆ ನನ್ನ ಕಣ್ಣು ನೆಟ್ಟದ್ದು ಬೇರೆ ಕಡೆ. ಬ್ಯಾಟರಿಯ ನೆತ್ತಿಯ ಮೇಲೆ ವಿಭೂತಿ ಪಟ್ಟೆ, ಎರಡು ಕಂಬಗಳ ಬುಡದಲ್ಲೂ ಒಂದೊಂದು ಕುಂಕುಮದ ಬೊಟ್ಟು, ಬಾಡಿದ ಸೇವಂತಿಗೆ ಎಸಳು.

"ಅಣ್ಣ, ಇದೇನು ಬ್ಯಾಟರಿನಾ, ದೇವರ ಗೂಡಾ?"

"ಶುಕ್ರವಾರ ಗಾಡಿ ಪೂಜೆ ಮಾಡ್ತೀನಕ್ಕ. ಎಲ್ಲದಕ್ಕೂ ಇಡೋದೇ."

"ಸ್ಟೀರಿಂಗಿಗೆ ಇಡಿ, ಚಕ್ರಕ್ಕೆ ಇಡಿ, ಬೇಕಾದ್ರೆ ಹಾರ್ನಿಗೂ ಇಡಿ. ಇಲ್ಲಿ ಮಾತ್ರ ಬೇಡ. ಈ ಪುಡಿಯೆಲ್ಲ ತೇವ ಹಿಡ್ಕೊಂಡು ಕರೆಂಟ್ ಲೀಕ್ ಆಗತ್ತೆ. ಇನ್ನೊಂದ್ಸಲ ಇಲ್ಲಿ ಕುಂಕುಮ ಕಂಡ್ರೆ ನಾನು ಗಾಡಿ ಮುಟ್ಟಲ್ಲ, ಹೇಳಿದೀನಿ."

ಅವರು ತಲೆಯಾಡಿಸಿದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳಿದ ಧಾಟಿ ಮಾತ್ರ ನನ್ನ ಎಂದಿನ ಧಾಟಿ. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು.

ಕೆಲಸ ಶುರು ಮಾಡಿದೆ. ಮೊದಲು ಮೈನಸ್ ಬಿಚ್ಚಬೇಕು, ಆಮೇಲೆ ಪ್ಲಸ್. ಉಲ್ಟಾ ಮಾಡಿದರೆ ಸ್ಪ್ಯಾನರ್ ಗಾಡಿಯ ಮೈಗೆ ತಗುಲಿ ಕಿಡಿ ಹಾರುತ್ತದೆ. ಒಂದು ಲೋಟ ಬಿಸಿನೀರಿಗೆ ದೊಡ್ಡ ಚಮಚ ಸೋಡಾ ಕಲಸಿ, ಬ್ಯಾಟರಿಯ ಮುಚ್ಚಳಗಳ ಸಂದಿಗೆ ಇಳಿಯದಂತೆ ನೋಡಿಕೊಂಡು ಸುರಿದೆ. ನೊರೆ ನಿಂತ ಮೇಲೆ ಬ್ರಷ್ಷಿನಿಂದ ಕಂಬವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಉಜ್ಜಿ, ತಣ್ಣೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿದೆ. ಕ್ಲ್ಯಾಂಪನ್ನು ಕಂಬಕ್ಕೆ ತೊಡಿಸಿ, ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವ ಹಾಗೆ ಸ್ಪ್ಯಾನರಿನ ಹಿಂಬದಿಯಿಂದ ಮೇಲೆ ಎರಡೇಟು ಹಾಕಿ ಕೂರಿಸಿದೆ. ನಟ್ಟು ಬಿಗಿದೆ. ಮೇಲಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಲಿಫ್ಟ್ ಸರಸರನೆ ಏರಿತು. ಇಪ್ಪತ್ತೈದೇ ನಿಮಿಷ.

ಹನ್ನೆರಡು ದಿನಕ್ಕೆ ವ್ಯಾನು ಮತ್ತೆ ಬಂತು. ಈ ಸಲ ಹಿಟ್ಟು ಒಣಗಿರಲಿಲ್ಲ, ಹಸಿಹಸಿಯಾಗಿ ನೀಲಿಗಟ್ಟಿತ್ತು. ಬ್ಯಾಟರಿಯ ಮೇಲೆ ಕುಂಕುಮದ ಸುಳಿವೇ ಇಲ್ಲ. ಡ್ರೈವರಣ್ಣ ನನ್ನ ಮಾತು ಕೇಳಿದ್ದಾರೆ ಎಂದು ಒಳಗೊಳಗೇ ಬೀಗಿದೆ.

ಮಲ್ಟಿಮೀಟರ್ ತೆಗೆದೆ. ಒಂದು ಮೊನೆಯನ್ನು ಕಂಬದ ಮೇಲೆ, ಇನ್ನೊಂದನ್ನು ಕ್ಲ್ಯಾಂಪಿನ ಮೇಲೆ ಇಟ್ಟು ಲಿಫ್ಟ್ ಓಡಿಸಲು ಹೇಳಿದೆ. ಎರಡೂ ಒಂದಕ್ಕೊಂದು ಸರಿಯಾಗಿ ಕೂತಿದ್ದರೆ ಮೀಟರ್ ಹೆಚ್ಚು ಕಡಿಮೆ ಸೊನ್ನೆ ತೋರಿಸಬೇಕು. ಒಂದೂವರೆ ವೋಲ್ಟ್ ತೋರಿಸಿತು. ಅಷ್ಟೂ ಶಕ್ತಿ ಆ ಹಿಟ್ಟಿನಲ್ಲೇ ಬಿಸಿಯಾಗಿ ಹಾಳಾಗುತ್ತಿತ್ತು, ಮೋಟಾರಿಗೆ ತಲುಪುತ್ತಿರಲಿಲ್ಲ. ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತಿದೆಯೇನೋ ಎಂದು ಎಂಜಿನ್ ಓಡಿಸಿ ನೋಡಿದೆ. ಹದಿನಾಲ್ಕು ವೋಲ್ಟಿನ ಆಸುಪಾಸು, ಸರಿಯಾಗೇ ಇತ್ತು. ಹಾಗಾದರೆ ಕ್ಲ್ಯಾಂಪಿನದೇ ದೋಷ ಎಂದುಕೊಂಡು ಹೊಸ ಕ್ಲ್ಯಾಂಪು ಹಾಕಿದೆ, ಬುಡದಲ್ಲಿ ಎಣ್ಣೆಯಲ್ಲಿ ನೆನೆಸಿದ ಉಣ್ಣೆಯ ಬಿಲ್ಲೆ, ಫೆಲ್ಟ್ ವಾಷರ್, ಕೂರಿಸಿದೆ. ಮತ್ತೆ ಎರಡೇಟು, ಮತ್ತೆ ಜೆಲ್ಲಿ. ಇನ್ನು ಒಂದು ವರ್ಷ ಈ ಕಡೆ ಬರಬೇಡಿ ಎಂದು ತಮಾಷೆ ಮಾಡಿ ಕಳಿಸಿದೆ.

ಒಂಬತ್ತನೇ ದಿನ, ಶನಿವಾರ ಬೆಳಿಗ್ಗೆ, ಕೇಂದ್ರದ ಮುಖ್ಯಸ್ಥೆ ಫೋನು ಮಾಡಿದರು. ಯಾವತ್ತೂ ಧ್ವನಿ ಏರಿಸದ ಹೆಂಗಸು. ಅಂದು ಇನ್ನೂ ತಗ್ಗಿಸಿ ಮಾತಾಡಿದರು.

"ಲಿಫ್ಟ್ ಅರ್ಧದಲ್ಲಿ ನಿಂತೋಯ್ತು. ಎಂಟು ವರ್ಷದ ಹುಡುಗಿ ಮೇಲೆ ಕೂತಿದ್ಲು. ಲಿಫ್ಟಿನ ಕೈಪಂಪ್ ಹೊಡೆದು ಇಳಿಸೋ ಹೊತ್ತಿಗೆ ಕಾಲು ಗಂಟೆ ಆಗಿದೆ. ಮಗು ಅತ್ತು ಅತ್ತು ಸುಸ್ತು. ಇನ್ನು ಆ ಹಲಗೆ ಮೇಲೆ ಕೂರ್ಸಲ್ಲ, ನಾನೇ ಎತ್ಕೊಂಡು ಹತ್ತಿಸ್ತೀನಿ ಅಂತಿದಾರೆ ಅವ್ರ ತಾಯಿ. ಎಷ್ಟು ದಿನ ಎತ್ತಕ್ಕಾಗತ್ತೆ ಹೇಳಿ?"

ಕೈಯಲ್ಲಿದ್ದ ತಂತಿ ಬ್ರಷ್ಷನ್ನು ಕೆಳಗಿಟ್ಟೆ.

"ಡ್ರೈವರ್ ಗಾಡಿನ ಸರಿಯಾಗಿ ನೋಡ್ಕೋತಿಲ್ಲ ಅಂತ ನಮ್ಮ ಕಮಿಟಿಯವರ ಮಾತು. ಸೋಮವಾರ ಬೆಳಿಗ್ಗೆ ನಮ್ಮೆದುರಿಗೆ ಲಿಫ್ಟ್ ಓಡಿಸಿ ತೋರಿಸ್ಲಿ. ನಿಂತ್ರೆ ಮಂಗಳವಾರದಿಂದ ಏಜೆನ್ಸಿ ಗಾಡಿ ಬರತ್ತೆ, ಅವರದೇ ಡ್ರೈವರ್ ಜೊತೆ. ನನಗೂ ಇಷ್ಟ ಇಲ್ಲ. ಆರು ವರ್ಷದಿಂದ ಮಕ್ಕಳಿಗೆ ಅವರು ಅಭ್ಯಾಸ ಆಗೋಗಿದಾರೆ."

ಫೋನು ಇಟ್ಟು ತಿರುಗುವಷ್ಟರಲ್ಲಿ ವ್ಯಾನು ಅಂಗಡಿಯ ಮುಂದೆ ಬಂದು ನಿಂತಿತ್ತು. ಡ್ರೈವರಣ್ಣನ ಮುಖ ಸಪ್ಪಗಾಗಿತ್ತು. ತಾವೇ ಸೀಟು ಮಡಚಿ ಮುಚ್ಚಳ ಎತ್ತಿದರು. ನೋಡಿದರೆ ಬ್ಯಾಟರಿಯ ಮೇಲೆ ವಿಭೂತಿ, ಹೂವು, ಎರಡು ಬೊಟ್ಟು, ಎಲ್ಲ ಮೊದಲಿನ ಹಾಗೇ ಇವೆ. ನನ್ನ ಪಿತ್ತ ನೆತ್ತಿಗೇರಿತು.

"ಬೇಡ ಅಂತ ಹೇಳಿದ್ನೋ ಇಲ್ವೋ ಅಣ್ಣ?"

"ಹೇಳಿದ್ರಿ ಅಕ್ಕ. ಇವತ್ತು ಒರೆಸ್ಕೊಂಡು ಬರೋಕೆ ಟೈಮ್ ಸಿಗ್ಲಿಲ್ಲ."

"ಅಂದ್ರೆ, ಹೋದ್ಸಲ ಒರೆಸ್ಕೊಂಡು ಬಂದಿದ್ರಾ?"

"ನೀವು ಬೈತೀರಲ್ಲ," ಎಂದರು, ಸಣ್ಣ ಹುಡುಗನ ಹಾಗೆ. "ಪೂಜೆ ಬಿಡೋಕಾಗಲ್ಲ ಅಕ್ಕ. ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಗಾಡಿ."

ಕೋಪದಲ್ಲೇ ಕೆಟಲ್ ಹಚ್ಚಿ ಸೋಡಾ ಡಬ್ಬಿಗೆ ಕೈ ಹಾಕಿದೆ. ಆ ಕ್ಷಣದಲ್ಲಿ ಏಕೋ ಮತ್ತೊಮ್ಮೆ ಬ್ಯಾಟರಿಯ ಕಡೆ ನೋಡಿದೆ. ಮೈನಸ್ ಕಡೆಯ ಬೊಟ್ಟು ಅಚ್ಚ ಕೆಂಪು. ಪ್ಲಸ್ ಕಡೆಯದು ಹಳದಿ.

"ಅಣ್ಣ, ಈ ಕಡೆ ಅರಿಶಿನ ಇಟ್ಟಿದೀರಾ?"

"ಇಲ್ಲಕ್ಕ, ಎರಡೂ ಕುಂಕುಮನೇ. ಆ ಕಡೇದು ಒಂದೇ ದಿನಕ್ಕೆ ಹಂಗೆ ಬಣ್ಣ ಬಿಡತ್ತೆ. ಯಾರದೋ ದೃಷ್ಟಿ ಅಂತ ನಮ್ಮ ತಾಯಿ ನಿಂಬೆಹಣ್ಣು ಕಟ್ಸಿದಾರೆ."

"ಕುಂಕುಮ ಎಲ್ಲಿಂದ ತರ್ತೀರಾ?"

"ತರಲ್ಲ, ತಾಯಿ ಮನೇಲೇ ಮಾಡ್ತಾರೆ. ಅರಿಶಿನ, ಸುಣ್ಣ, ಅಷ್ಟೇ."

ಕೆಟಲ್ ಆರಿಸಿದೆ. ನಮ್ಮ ಮನೆಗಳಲ್ಲಿ ಆರತಿ ನೀರು ಮಾಡದ ಹೆಂಗಸು ಯಾರಿದ್ದಾರೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಗಾಗುತ್ತದೆ. ಅದೇ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸುಣ್ಣ ಕೊಟ್ಟ ಬಣ್ಣವನ್ನು ಹುಳಿ ಕಿತ್ತುಕೊಳ್ಳುತ್ತದೆ. ಬ್ಯಾಟರಿಯೊಳಗೆ ಇರುವುದು ನಿಂಬೆಯ ಅಜ್ಜಿಯಂಥ ಆ್ಯಸಿಡ್. ಪ್ಲಸ್ ಕಡೆ ಅದು ಎಲ್ಲಿಂದಲೋ ಈಚೆ ಬರುತ್ತಿದೆ, ಆ ಬೊಟ್ಟು ವಾರಗಟ್ಟಲೆ ಅದನ್ನೇ ಹೇಳುತ್ತಿದೆ, ನನ್ನ ಬೈಗುಳಕ್ಕೆ ಹೆದರಿ ಈ ಮನುಷ್ಯ ಅದನ್ನು ಒರೆಸಿ ತರುತ್ತಿದ್ದಾರೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅಲ್ಲಿ ಒಂದು ತೀರ್ಮಾನ ಮಾಡಿದೆ. ಇಷ್ಟು ದಿನ ನಾನು ಹಿಟ್ಟನ್ನು ತೊಳೆಯುತ್ತಿದ್ದೆ, ಬ್ಯಾಟರಿಯ ತಲೆಯ ಮೇಲೆ ಮಾತ್ರ ಕೈಯಾಡಿಸುತ್ತಿದ್ದೆ. ಇನ್ನು ತೊಳೆದು ಜೆಲ್ಲಿ ಸವರಿ ಕಳಿಸುವುದಿಲ್ಲ. ಆ್ಯಸಿಡ್ ಎಲ್ಲಿಂದ ಬರುತ್ತಿದೆ ಎಂದು ಕಣ್ಣಾರೆ ನೋಡುವ ತನಕ ಗಾಡಿ ಬಿಡುವುದಿಲ್ಲ.

ಅಂಗಡಿಯ ಮೇಲೇ ನಮ್ಮ ಮನೆ. ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದೆ. ಪಕ್ಕದ ಬೀಡಾ ಅಂಗಡಿಯಲ್ಲಿ ಎಲೆಗೆ ಹಚ್ಚುವ ಸುಣ್ಣ ಕೇಳಿದೆ. "ಬೆಳಿಗ್ಗೆ ಬೆಳಿಗ್ಗೆನೇ ಬೀಡಾನಾ ಆಂಟಿ?" ಎಂದು ಅವನು ನಕ್ಕ. ಬ್ಯಾಟರಿಗೆ ಆರತಿ ಎತ್ತಬೇಕು ಎಂದೆ. ನಿಜವನ್ನೇ ಹೇಳಿದ್ದೆ, ಅವನು ನಂಬಲಿಲ್ಲ.

ಮೊದಲು ಹಿಟ್ಟನ್ನೆಲ್ಲ ಸೋಡಾ ನೀರಿನಲ್ಲಿ ತೆಗೆದೆ. ಆಮೇಲೆ ಬರೀ ನೀರಿನಲ್ಲಿ ನಾಲ್ಕು ಸಲ ಒರೆಸಿದೆ, ಸೋಡಾ ಚೂರೇ ಚೂರು ಉಳಿದರೂ ಆ್ಯಸಿಡ್ಡನ್ನು ಅದು ನುಂಗಿಹಾಕಿ ನನಗೆ ಸುಳ್ಳು ತೋರಿಸುತ್ತದೆ. ಜೆಲ್ಲಿ ಹಚ್ಚಲಿಲ್ಲ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅರಿಶಿನ, ಸುಣ್ಣ ಕಲಸಿದ ಕೆಂಪು ನೀರಿನಲ್ಲಿ ಅದ್ದಿ ಪ್ಲಸ್ ಕಂಬದ ಬುಡಕ್ಕೊಂದು ಉಂಗುರ, ಮೈನಸ್ಸಿಗೊಂದು ಉಂಗುರ, ಆರು ಮುಚ್ಚಳಗಳಿಗೂ ಒಂದೊಂದು ಉಂಗುರ ಬರೆದೆ. ಒಂದು ಉಂಗುರ ಇನ್ನೊಂದಕ್ಕೆ ತಾಗದ ಹಾಗೆ ಎಚ್ಚರ ವಹಿಸಿದೆ. ಬಿಸಿಲಿಗೆ ಎಲ್ಲ ಒಣಗಿದವು. ಡ್ರೈವರಣ್ಣ ಕೈಕಟ್ಟಿ ನೋಡುತ್ತಾ ನಿಂತಿದ್ದರು.

"ನಾನು ಎರಡು ಬೊಟ್ಟಿಟ್ಟಿದ್ದಕ್ಕೆ ಅಷ್ಟು ಬೈದ್ರಿ," ಎಂದರು ಮೆಲ್ಲಗೆ.

"ಗಾಡಿ ತೆಗೀರಿ ಅಣ್ಣ, ಆಮೇಲೆ ನೀವು ನನಗೆ ಬೈಯೋರಂತೆ."

ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳನ್ನು ಲಿಫ್ಟಿನ ಹಲಗೆಯ ಮೇಲೆ ಇಟ್ಟೆವು. ಇಟ್ಟಮಡುವಿಗೆ ಹೋಗಿ ವಾಪಸ್ ಬರುವುದು, ದಾರಿಯಲ್ಲಿ ಆರು ಕಡೆ ನಿಲ್ಲಿಸಿ ಲಿಫ್ಟ್ ಏರಿಸಿ ಇಳಿಸುವುದು ಎಂದು ಮಾತಾಯಿತು. ನಾನು ಮಡಚಿದ ಸೀಟಿನ ಹಿಂದೆ ನೆಲದ ಮೇಲೆ ಕೂತು, ಟಾರ್ಚ್ ಹಿಡಿದು ಬ್ಯಾಟರಿಯನ್ನೇ ನೋಡುತ್ತಿದ್ದೆ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಹೋಗುವಾಗ ಏನೂ ಆಗಲಿಲ್ಲ. ಎಂಟು ಉಂಗುರಗಳೂ ಕೆಂಪಗಿದ್ದವು. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಲಿಫ್ಟಿಗೆ ಹೋಗುವ ಹೆಬ್ಬೆರಳು ದಪ್ಪದ ಕೇಬಲ್ಲು ಗಿಡ್ಡವಾಗಿ, ಬಿರುಸಾಗಿ, ನೇರ ಪ್ಲಸ್ ಕ್ಲ್ಯಾಂಪಿಗೇ ಸೇರಿತ್ತು. ಬ್ರೇಕ್ ಹಾಕಿದಾಗಲೆಲ್ಲ ಅದು ಕ್ಲ್ಯಾಂಪನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಕಂಬ ಕೂದಲೆಳೆಯಷ್ಟು ಅಲುಗುತ್ತಿತ್ತು.

ಬರುವಾಗ, ಬನಶಂಕರಿ ದಾಟಿದ ಮೇಲೆ, ಪ್ಲಸ್ ಉಂಗುರದ ಕೇಬಲ್ ಕಡೆಯ ಅಂಚಿನಲ್ಲಿ ಒಂದು ಗೆರೆ ಮಾಸಿದ ಹಾಗೆ ಕಂಡಿತು. ನನ್ನ ಭ್ರಮೆ ಇರಬೇಕೆಂದು ಕಣ್ಣುಜ್ಜಿಕೊಂಡೆ. ಇನ್ನೆರಡು ಹಂಪು ದಾಟುವಷ್ಟರಲ್ಲಿ ಅದು ಉಗುರಿನ ಕತ್ತರಿಕೆಯಷ್ಟು ಹಳದಿಯಾಗಿತ್ತು.

"ಬಂತು ಅಣ್ಣ, ಬಂತು. ನಿಲ್ಸಿ, ನಿಲ್ಸಿ."

ಅವರು ಗಾಡಿಯನ್ನು ರಸ್ತೆಬದಿಗೆ ಒಗೆದಂತೆ ನಿಲ್ಲಿಸಿ, "ಏನಕ್ಕ, ಬೆಂಕಿನಾ?" ಎಂದು ಹಾರಿ ಬಂದರು. ನಾನು ಬೆರಳು ತೋರಿಸಿದೆ. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದೆವು. ಮುಚ್ಚಳಗಳ ಉಂಗುರ ಆರೂ ಕೆಂಪು, ಮೈನಸ್ ಕೆಂಪು, ಇದೊಂದೇ ಹಳದಿ. ಅಷ್ಟು ಸಂತೋಷ ನನಗೆ ಯಾವ ರಿಪೇರಿಯಲ್ಲೂ ಆಗಿರಲಿಲ್ಲ. ಆ ಕ್ಷಣ ಅವರ ಕೈ ಹಿಡಿದು ಕುಲುಕಿಬಿಟ್ಟೆ, ಅವರು ಸಂಕೋಚದಿಂದ ಹಿಂದೆ ಸರಿದರು.

ಅಂಗಡಿಗೆ ಬಂದು ಕ್ಲ್ಯಾಂಪು ಬಿಚ್ಚಿ, ಓದುವ ಭೂತಗನ್ನಡಿ ಹಿಡಿದು ನೋಡಿದೆ. ಸೀಸದ ಕಂಬ ಪ್ಲಾಸ್ಟಿಕ್ಕಿನಿಂದ ಮೇಲೆ ಬರುವ ಜಾಗದಲ್ಲಿ ಅರ್ಧ ಸುತ್ತು ಬಿರುಕು. ಗಾಡಿ ಅಲುಗಿದಾಗ, ಚಾರ್ಜ್ ಆಗುವಾಗ, ಆ್ಯಸಿಡ್ ಅದರಿಂದಲೇ ಜಿನುಗುತ್ತಿತ್ತು. ಕೇಬಲ್ಲಿನದೇ ಕೆಲಸ ಎಂದುಕೊಂಡು ಇನ್ನಷ್ಟು ಹತ್ತಿರದಿಂದ ನೋಡಿದೆ. ಕಂಬದ ನೆತ್ತಿಯ ಮೇಲೆ ಚಪ್ಪಟೆಯಾದ ಗುರುತುಗಳಿದ್ದವು. ಪಕ್ಕದಲ್ಲಿ ಬಿದ್ದಿದ್ದ ನನ್ನ ಸ್ಪ್ಯಾನರಿನ ಹಿಂಬದಿಯನ್ನು ಅದರ ಮೇಲಿಟ್ಟೆ. ಸರಿಯಾಗಿ ಹೊಂದಿತು.

ನನ್ನ ಖುಷಿ ಅಲ್ಲೇ ಇಳಿದುಹೋಯಿತು. ಆದರೂ ಬಿರುಕು ನನ್ನ ಕೈಗೆ ಬರುವ ಮೊದಲೇ ಇತ್ತೇನೋ ಎಂಬ ಆಸೆಯಿಂದ ಕೇಳಿದೆ.

"ಅಣ್ಣ, ಈ ಬೊಟ್ಟು ಹಳದಿ ಆಗೋದು ಯಾವಾಗಿಂದ?"

"ಬೇಜಾರ್ ಮಾಡ್ಕೋಬೇಡಿ ಅಕ್ಕ. ನೀವು ಮೊದಲ ಸಲ ಸರಿ ಮಾಡಿ ಕೊಟ್ಟ ಮೇಲಿಂದ. ಅದಕ್ಕೆ ಮುಂಚೆ ಎರಡೂ ಕೆಂಪಗೇ ಇರ್ತಿದ್ವು."

ಅಂದರೆ ಮೊದಲು ಇದ್ದದ್ದು ಬರೀ ಹಳೆಯ ಹಿಟ್ಟು, ಸಡಿಲ ಕ್ಲ್ಯಾಂಪು. ಅದನ್ನು ವಾಸಿ ಮಾಡಲು ಹೋಗಿ ಹೊಸ ಕಾಯಿಲೆ ಅಂಟಿಸಿದವಳು ನಾನು. ನನ್ನ ಎರಡೇಟು ಬಿರುಕು ಬಿಡಿಸಿತ್ತು, ಕೇಬಲ್ಲು ಅದನ್ನು ಎಳೆದೆಳೆದು ದೊಡ್ಡದು ಮಾಡಿತ್ತು. ಮಗು ಅರ್ಧದಲ್ಲಿ ಸಿಕ್ಕಿಬಿದ್ದಾಗ ಬೈಸಿಕೊಂಡವರು ಇವರು. ನನಗೆ ನಾಚಿಕೆಯಾಯಿತು, ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವರೇ ಎದುರಿನ ಅಂಗಡಿಯಿಂದ ಟೀ ತಂದುಕೊಟ್ಟರು.

ಆ ಬಿರುಕನ್ನು ನಂಬುವ ಹಾಗೆ ಮುಚ್ಚಲು ಬರುವುದಿಲ್ಲ. ನನ್ನ ಅಂಗಡಿಯಿಂದಲೇ ಹೊಸ ಬ್ಯಾಟರಿ ಇಳಿಸಿದೆ. ಟೀ ಕುಡಿದು ಎದ್ದ ಮೇಲೆ ಮತ್ತೆ ಹುರುಪು ಬಂದಿತ್ತು, ಯಾಕೆಂದರೆ ಈಗ ಏನು ಮಾಡಬೇಕೆಂದು ನನಗೆ ಪೂರ್ತಿ ಗೊತ್ತಿತ್ತು. ಲಿಫ್ಟಿನ ಕೇಬಲ್ಲನ್ನು ಕಂಬದಿಂದ ಬೇರೆ ಮಾಡಿದೆ. ಬ್ಯಾಟರಿ ಪೆಟ್ಟಿಗೆಯ ಗೋಡೆಗೆ ಪ್ಲಾಸ್ಟಿಕ್ ಕಟ್ಟೆಯ ಮೇಲೆ ಒಂದು ಬೋಲ್ಟ್ ನಿಲ್ಲಿಸಿ, ಲಿಫ್ಟಿನ ಕೇಬಲ್ಲನ್ನು ಅಲ್ಲಿಗೆ ಬಿಗಿದು, ಅಲ್ಲಿಂದ ಕಂಬಕ್ಕೆ ಮೆತ್ತಗಿನ, ಸ್ವಲ್ಪ ಜೋಲುವಷ್ಟು ಉದ್ದದ ಇನ್ನೊಂದು ತುಂಡು ಕೊಟ್ಟೆ. ಇನ್ನು ಗಾಡಿ ಎಷ್ಟೇ ಕುಲುಕಿದರೂ ಆ ಎಳೆತ ಬೋಲ್ಟಿಗೆ, ಕಂಬಕ್ಕಲ್ಲ. ಬ್ಯಾಟರಿಯನ್ನು ಅಲುಗದ ಹಾಗೆ ಪಟ್ಟಿ ಹಾಕಿ ಕಟ್ಟಿದೆ. ಫೆಲ್ಟ್ ವಾಷರ್ ಇಟ್ಟೆ. ಕ್ಲ್ಯಾಂಪಿನ ಬಾಯನ್ನು ಸ್ಕ್ರೂಡ್ರೈವರಿನಿಂದ ಅಗಲಿಸಿ, ಕೈಯಲ್ಲೇ ಒತ್ತಿ ಬುಡದವರೆಗೆ ಇಳಿಸಿದೆ. ಕೈ ತಾನಾಗಿ ಸ್ಪ್ಯಾನರಿನ ಕಡೆ ಹೋಯಿತು. ಅದನ್ನು ಎತ್ತಿ ಡ್ರೈವರಣ್ಣನ ಕೈಗೆ ಕೊಟ್ಟು, ನಟ್ಟು ಬಿಗಿಯುವಾಗ ಮಾತ್ರ ಕೊಡಿ ಎಂದೆ. ಬಿಗಿದಾದ ಮೇಲೆ ಜೆಲ್ಲಿ. ಮೀಟರ್ ಇಟ್ಟು ಲಿಫ್ಟ್ ಓಡಿಸಿದರೆ ಹೆಚ್ಚು ಕಡಿಮೆ ಸೊನ್ನೆ.

ಭಾನುವಾರ ಪೂರ್ತಿ ಅದೇ ಪರೀಕ್ಷೆ. ಕೆಂಪು ಉಂಗುರ ಬರೆದು, ಜೆಪಿ ನಗರದ ಹಂಪುಗಳನ್ನೆಲ್ಲ ಹುಡುಕಿ ಹುಡುಕಿ ಹಾರಿಸಿದೆವು. ಒಂದೂ ಹಳದಿಯಾಗಲಿಲ್ಲ.

ಸೋಮವಾರ ಬೆಳಿಗ್ಗೆ ಜಯನಗರದ ಕೇಂದ್ರದ ಅಂಗಳದಲ್ಲಿ ಮುಖ್ಯಸ್ಥೆ ನಿಂತಿದ್ದರು. ಕಮಿಟಿಯ ಇಬ್ಬರು ಇದ್ದರು. ತಾಯಿಯೊಬ್ಬರು ಗಾಲಿಕುರ್ಚಿಯ ಹಿಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು. ಕುರ್ಚಿಯಲ್ಲಿದ್ದ ಹುಡುಗಿ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ದಾರಿಯುದ್ದಕ್ಕೂ ಡ್ರೈವರಣ್ಣ ಹೇಳಿದ್ದು ಒಂದೇ ಮಾತು: "ನೀವೇನೂ ಹೇಳೋಕೆ ಹೋಗ್ಬೇಡಿ ಅಕ್ಕ. ಬ್ಯಾಟರಿ ಹಳೇದಾಗಿತ್ತು ಅಂದ್ರೆ ಮುಗೀತು." ಅದು ಸುಲಭದ ದಾರಿ, ನನಗೂ ಗೊತ್ತಿತ್ತು. ಆದರೆ ಹಳೇ ಬ್ಯಾಟರಿಯನ್ನು ಇಷ್ಟು ದಿನ ಇಟ್ಟುಕೊಂಡದ್ದು ಯಾರು ಎಂದು ಮುಂದಿನ ಪ್ರಶ್ನೆ ಬಂದರೆ ಅದು ಅವರ ತಲೆಗೇ ಬರುತ್ತಿತ್ತು.

"ಮೇಡಂ, ಗಾಡಿ ನೋಡ್ಕೊಳ್ಳೋದ್ರಲ್ಲಿ ಇವರದು ಏನೂ ತಪ್ಪಿಲ್ಲ," ಎಂದೆ. "ಕ್ಲ್ಯಾಂಪು ಕೂರಿಸೋವಾಗ ನಾನು ಸ್ಪ್ಯಾನರ್‌ನಲ್ಲಿ ಹೊಡೆದೆ. ಬ್ಯಾಟರಿ ಬಿರುಕು ಬಿಟ್ಟಿದ್ದು ಅದಕ್ಕೆ. ಲಿಫ್ಟ್ ನಿಂತಿದ್ದು ನನ್ನಿಂದ. ಎಲ್ಲಿ ಹಾಳಾಗಿದೆ ಅಂತ ತೋರಿಸಿದ್ದು ಇವರ ಪೂಜೆ."

ಹುಡುಗಿಯ ತಾಯಿ ನನ್ನನ್ನು ನೋಡಿದ ನೋಟವನ್ನು ತಡೆದುಕೊಂಡು ನಿಂತೆ. ಕೊನೆಗೆ ಮುಖ್ಯಸ್ಥೆ ಒಂದು ಖಾಲಿ ಗಾಲಿಕುರ್ಚಿ ತರಿಸಿದರು.

"ಮೊದಲು ನೀವು ಕೂತ್ಕೊಳ್ಳಿ."

ಕೂತೆ. ನಾನು ಸಣ್ಣ ಆಳಲ್ಲ, ನೀರಿನ ಎರಡು ಕ್ಯಾನು ನನ್ನ ಮುಂದೆ ಯಾವ ಲೆಕ್ಕ. ಲಿಫ್ಟ್ ಹತ್ತು ಸಲ ಏರಿಸಿ ಇಳಿಸಿದರು. ಕಿಟಕಿಯಲ್ಲಿ ಸೇರಿದ್ದ ಮಕ್ಕಳು ಎಣಿಸುತ್ತಾ ನಗುತ್ತಿದ್ದರು. ಹತ್ತು ಮುಗಿದರೂ ಆ ತಾಯಿಯ ಕೈ ಕುರ್ಚಿಯ ಹಿಡಿ ಬಿಡಲಿಲ್ಲ. ಆಗ ಹುಡುಗಿಯೇ ಹೇಳಿದಳು.

"ಅಮ್ಮ, ಬಿಡು. ಅಂಕಲ್ ಇದಾರೆ."

ಡ್ರೈವರಣ್ಣ ಕುರ್ಚಿಯನ್ನು ಹಲಗೆಯ ಮೇಲೆ ತಂದು, ಚಕ್ರಕ್ಕೆ ತಡೆ ಹಾಕಿ, ಎರಡು ಸಲ ಅಲುಗಿಸಿ ನೋಡಿ, ಗುಂಡಿ ಒತ್ತಿದರು. ತಾಯಿ ಪಕ್ಕದಲ್ಲೇ ಕೈ ಚಾಚಿ ನಿಂತರು. ಹಲಗೆ ಅವರ ಎದೆಮಟ್ಟಕ್ಕೆ ಏರಿತು.

"ಅಂಕಲ್, ಇಲ್ಲಿ ನಿಲ್ಸಿ," ಎಂದಳು ಹುಡುಗಿ.

ಅವರು ಗಾಬರಿಯಿಂದ ಗುಂಡಿ ಬಿಟ್ಟರು. ಭಾರ ಹೊತ್ತು ಅರ್ಧದಿಂದ ಮತ್ತೆ ಏರುವಾಗಲೇ ಮೋಟಾರು ಬ್ಯಾಟರಿಯಿಂದ ಹೆಚ್ಚು ಎಳೆಯುವುದು, ಸಂದು ಸರಿಯಿಲ್ಲದಿದ್ದರೆ ಬಣ್ಣ ಬಯಲಾಗುವುದು ಅಲ್ಲೇ. ಹುಡುಗಿ ಆ ಎತ್ತರದಲ್ಲಿ ಕೂತು ಆ ಕಡೆ ಈ ಕಡೆ ನೋಡಿದಳು, ಅಂಗಳ, ಗೇಟು, ರಸ್ತೆಯ ಮರ, ಕೆಳಗೆ ತನ್ನ ತಾಯಿ. ಏನೋ ಲೆಕ್ಕ ಮುಗಿಸಿದವಳಂತೆ ಒಮ್ಮೆ ತಲೆಯಾಡಿಸಿದಳು.

"ಹ್ಞೂ, ಈಗ ಮೇಲೆ."

ಲಿಫ್ಟ್ ಮೇಲೆ ಹೋಯಿತು.

ಮುಖ್ಯಸ್ಥೆ ಕಮಿಟಿಯವರ ಮುಖವನ್ನು ನೋಡಲೂ ಇಲ್ಲ. "ನಾಳೆ ಏಳೂವರೆಗೆ ಬಂದ್ಬಿಡಿ, ಮೊದಲು ಇವರ ಮನೆ," ಎಂದು ಆ ತಾಯಿಯ ಕಡೆ ಕೈ ತೋರಿಸಿ ಡ್ರೈವರಣ್ಣನಿಗೆ ಹೇಳಿ ಒಳಗೆ ನಡೆದರು. ಡ್ರೈವರಣ್ಣ ಹುಡುಗಿಯನ್ನು ಮೆಲ್ಲಗೆ ಕೆಳಗಿಳಿಸಿ, ಹಿಂಬಾಗಿಲು ಹಾಕಲು ನಮಗೆ ಬೆನ್ನು ಮಾಡಿ ನಿಂತರು, ಒಂದು ಬಾಗಿಲು ಹಾಕುವುದಕ್ಕೆ ಬೇಕಾದದ್ದಕ್ಕಿಂತ ತುಂಬ ಹೊತ್ತು. ನಾನು ಕರೆಯಲಿಲ್ಲ, ಕಾಯುತ್ತಾ ನಿಂತೆ.